ಮಗಳಿಗೊಂದು ಪತ್ರ: ಬೆಂಕಿಯಿಂದ ಮೂರು ಮೀಟರ್

ಮಂಗಳೂರು
ಡಿಸೆಂಬರ್ 10, 2025

ಪ್ರೀತಿಯ ಮಗಳೇ,

ನಿನ್ನೆ ‘ಬರದಿದ್ದರೆ ಬೇಡ, ಅಲ್ಲೇ ಇರು’ ಅಂದುಬಿಟ್ಟು ಫೋನ್ ಇಟ್ಟೆ. ಹಾಗೆ ಹೇಳಬಾರದಿತ್ತು. ಕ್ರಿಸ್‌ಮಸ್‌ಗೆ ಮನೆಗೆ ಬರುವುದಿಲ್ಲ ಅನ್ನುವಷ್ಟೇ ನನ್ನ ಕಿವಿಗೆ ಬಿದ್ದದ್ದು. ಯಾಕೆ ಬರುವುದಿಲ್ಲ ಅಂತ ನೀನು ಹೇಳಿದ್ದು ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ತಲೆಗೆ ಹೋಯಿತು. ಸ್ಪೇನಿನ ಹೆರೆಸ್‌ನಲ್ಲಿ, ಸಾಂತಿಯಾಗೊ ಕೇರಿಯ ಅಂಗಳವೊಂದರಲ್ಲಿ, 20ನೇ ತಾರೀಕು ಶನಿವಾರದ ಸಂಬೊಂಬಕ್ಕೆ, ಆ ಕ್ರಿಸ್‌ಮಸ್ ಹಾಡಿನ ಕೂಟಕ್ಕೆ, ಗಿಟಾರ್ ಹಿಡಿದು ಕೂರು ಅಂತ ನಿನ್ನನ್ನು ಕರೆದಿದ್ದಾರೆ. ಫ್ಲಮೆಂಕೊ ಗಿಟಾರಿನ ಮೊರಾಯಿತೊ ಅವರ ಮನೆತನದ ಕೇರಿ ಅದು. ಅಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ಚಪ್ಪಾಳೆ ಕಲಿಯುತ್ತಾರೆ. ಬೆಳಿಗ್ಗೆ ಎದ್ದವಳೇ ಪಪ್ಪನನ್ನು ಎಬ್ಬಿಸಿ ಹೇಳಿದೆ. ಆಮೇಲೆ ಹಾಲಿನವನಿಗೂ ಹೇಳಿದೆ.

ನಾನು ಅಲ್ಲಿ ಕಳೆದ ಎರಡು ಚಳಿಗಾಲದ ವಿಷಯ ನಿನಗೆ ಬಾಯಿಪಾಠ, ಅದನ್ನು ಬಿಡುತ್ತೇನೆ. ಆ ಗಿಟಾರ್ ನಿನ್ನ ಕೈಗೆ ಬಂದ ದಿನದ್ದೂ ಬೇಡ. ಇನ್ನು ಹತ್ತೇ ದಿನ ಇದೆ, ಕೆಲಸದ ಮಾತು ಹೇಳುತ್ತೇನೆ. ಅಂಚೆಗೆ ಹಾಕಿದರೆ ಮುಟ್ಟುವುದಿಲ್ಲ ಅಂತ ಮೇಲ್ ಮಾಡುತ್ತಿದ್ದೇನೆ.

ಮೊದಲ ಮಾತು ಬೆಂಕಿಯದು. ಅಂಗಳದ ನಡುವೆ ಸೌದೆ ಒಟ್ಟಿ ಉರಿ ಹಾಕುತ್ತಾರೆ, ಸುತ್ತ ಕುರ್ಚಿ ಹಾಕಿ ಕೂರುತ್ತಾರೆ. ವಠಾರದ ಮನೆಗಳಲ್ಲಿ ಹುಟ್ಟಿದ ಹಬ್ಬ ಅದು. ಎಲ್ಲರಿಗೂ ಸೇರಿ ಇದ್ದದ್ದು ಒಂದು ಅಂಗಳ, ಒಂದು ಬಾವಿ, ಒಂದು ಬೆಂಕಿ. 2015ರಲ್ಲಿ ಆಂಡಲೂಸಿಯಾ ಪ್ರಾಂತ್ಯದ ಸರಕಾರ ಹೆರೆಸ್ ಮತ್ತು ಆರ್ಕೋಸ್‌ನ ಸಂಬೊಂಬವನ್ನು ರಕ್ಷಿತ ಪರಂಪರೆ ಎಂದು ಘೋಷಿಸಿತು. ಈಗ ಬಾರುಗಳಲ್ಲಿ ವೇದಿಕೆ ಕಟ್ಟಿ, ಸ್ಪೀಕರ್ ಇಟ್ಟು ಮಾಡುವವರೂ ಇದ್ದಾರೆ. ಅದು ಕಚೇರಿ, ಸಂಬೊಂಬ ಅಲ್ಲ. ನಿನ್ನನ್ನು ಕರೆದದ್ದು ಅಂಗಳಕ್ಕೆ. ಅದು ದೊಡ್ಡದು, ಅದರ ಖುಷಿ ನನಗಿದೆ. ಆದರೆ ಅಂಗಳ ಅಂದರೆ ಬೆಂಕಿ ಇದ್ದೇ ಇರುತ್ತದೆ.

ನಿನ್ನ ಫ್ಲಮೆಂಕೊ ಗಿಟಾರಿನ ಎದುರು ಹಲಗೆ ಸ್ಪ್ರೂಸ್ ಮರದ್ದು, ದಪ್ಪ ಎರಡೂವರೆ ಮಿಲಿಮೀಟರಿಗಿಂತ ಕಡಿಮೆ. ಹಿಂಭಾಗ, ಪಕ್ಕ ಎರಡೂ ಸೈಪ್ರೆಸ್, ಅದೂ ತೆಳುವೇ. ಅಷ್ಟು ತೆಳು ಇರುವುದರಿಂದಲೇ ಆ ಒಣ, ಚುರುಕು ದನಿ ಬರುತ್ತದೆ. ಕ್ಲಾಸಿಕಲ್ ಗಿಟಾರಿನ ಹಾಗೆ ನಾದ ಉಳಿಯುವುದಿಲ್ಲ, ಹೊಡೆದು ನಿಲ್ಲುತ್ತದೆ. ಈಗ ನೋಡು. ಹೆರೆಸ್‌ನ ಡಿಸೆಂಬರ್ ರಾತ್ರಿ ತೇವದ್ದು, ಅಟ್ಲಾಂಟಿಕ್ ಕಡೆಯ ಗಾಳಿ. ನಿನ್ನ ಬೆನ್ನಿಗೆ ಆ ತೇವ, ಗಿಟಾರಿನ ಮುಖಕ್ಕೆ ಬೆಂಕಿಯ ಒಣ ಕಾವು. ಮರ ಕಾವಿಗೆ ಕೆಡುವುದಕ್ಕಿಂತ ತೇವ ಕಳೆದುಕೊಂಡು ಕೆಡುವುದು ಹೆಚ್ಚು. ತೇವ ಹೋದರೆ ಹಲಗೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲ. ಒಳಗೆ ಅಡ್ಡಪಟ್ಟಿಗಳು ಅಂಟಿಕೊಂಡಿವೆ, ಅವು ಕುಗ್ಗಲು ಬಿಡುವುದಿಲ್ಲ. ಎಳೆದಾಟದಲ್ಲಿ ಮರದ ಎಳೆಯ ಗೆರೆ ಹಿಡಿದು ಸೀಳುತ್ತದೆ, ಸಾಮಾನ್ಯವಾಗಿ ತಂತಿ ಕಟ್ಟುವ ಬ್ರಿಡ್ಜಿನ ಹಿಂದೆ, ಇಲ್ಲವೇ ಫಿಂಗರ್‌ಬೋರ್ಡಿನ ಅಂಚಿನಲ್ಲಿ. ಸೀಳುವಾಗ ಒಣ ಕಡ್ಡಿ ಮುರಿದ ಹಾಗೆ ಒಂದೇ ಸದ್ದು. ಚಪ್ಪಾಳೆ, ಹಾಡಿನ ಗದ್ದಲದಲ್ಲಿ ನಿನಗೆ ಕೇಳಿಸುವುದೂ ಇಲ್ಲ.

ಸೀಳುವ ಮೊದಲು ಅದು ಹೇಳುತ್ತದೆ, ಗಮನ ಇಡಬೇಕು. ಹಲಗೆ ಒಳಕ್ಕೆ ಕೂತು ತಂತಿ ಕೆಳಗಿಳಿಯುತ್ತದೆ, ನಿನ್ನೆ ಇಲ್ಲದ ಜುರುಜುರು ಸದ್ದು ಇವತ್ತು ಬರುತ್ತದೆ. ಹನ್ನೆರಡನೇ ಫ್ರೆಟ್ಟಿನ, ಅಂದರೆ ಕುತ್ತಿಗೆಯ ಲೋಹದ ಅಡ್ಡಗೆರೆಯ, ಮೇಲೆ ಆರನೇ ತಂತಿ ಮೂರು ಮಿಲಿಮೀಟರ್ ಎತ್ತರಕ್ಕೆ ಇಟ್ಟುಕೊಟ್ಟಿದ್ದೇನೆ, ಅಳೆದು ನೋಡು. ಎಡಗೈಯನ್ನು ಕುತ್ತಿಗೆಯ ಅಂಚಿನಲ್ಲಿ ಮೇಲೆ ಕೆಳಗೆ ಜಾರಿಸು. ಫ್ರೆಟ್ಟಿನ ತುದಿ ಚುಚ್ಚಿದರೆ ಮರ ಒಣಗಿದೆ ಅಂತಲೇ ಅರ್ಥ.

ಆದ್ದರಿಂದ ಬೆಂಕಿಯಿಂದ ಮೂರು ಮೀಟರ್ ದೂರ ಕೂರು. ಕುರ್ಚಿಯನ್ನು ಸ್ವಲ್ಪ ಓರೆ ಮಾಡಿಕೊ, ಗಿಟಾರಿನ ಮುಖ ನೇರ ಬೆಂಕಿಗೆ ಬೇಡ. ಹಾಡಿನ ನಡುವೆ ಅಂಗೈಯ ಹಿಂಭಾಗವನ್ನು ಬ್ರಿಡ್ಜಿನ ಹಿಂದೆ ಇಟ್ಟು ನೋಡು. ಬೆಚ್ಚಗೆ ಅನಿಸಿದರೆ ಏಳು. ಯಾರು ಏನಂದುಕೊಂಡರೂ ಏಳು.

ಅವರು ನಿನ್ನನ್ನು ಹತ್ತಿರ ಎಳೆಯುತ್ತಾರೆ, ಅದೂ ಪ್ರೀತಿಯಿಂದ. ಯಾಕೆಂದರೆ ಉಳಿದ ವಾದ್ಯಗಳಿಗೆ ಬೆಂಕಿ ಬೇಕು. ಹಬ್ಬಕ್ಕೆ ಹೆಸರು ಕೊಟ್ಟ ಸಂಬೊಂಬ ಅನ್ನುವ ವಾದ್ಯವನ್ನೇ ತೆಗೆದುಕೊ. ಮಣ್ಣಿನ ಮಡಕೆ, ಬಾಯಿಗೆ ಬಿಗಿದ ಚರ್ಮ ಅಥವಾ ಗಟ್ಟಿ ಬಟ್ಟೆ, ನಡುವೆ ಕಟ್ಟಿ ನಿಲ್ಲಿಸಿದ ಉದ್ದ ಜೊಂಡಿನ ಕೋಲು. ಒದ್ದೆ ಕೈಯಲ್ಲಿ ಕೋಲನ್ನು ಹಿಡಿದು ಮೇಲೆ ಕೆಳಗೆ ಉಜ್ಜಿದರೆ ಮಡಕೆಯ ಹೊಟ್ಟೆಯಿಂದ ಎಮ್ಮೆ ಗುಟುರು ಹಾಕಿದಂಥ ದನಿ ಬರುತ್ತದೆ. ಕೈ ಒಣಗಿದರೆ ದನಿ ಕಡಿದು ಕಡಿದು ಬರುತ್ತದೆ, ಅದಕ್ಕೇ ಪಕ್ಕದಲ್ಲಿ ನೀರಿನ ಬಟ್ಟಲು. ತೇವದ ರಾತ್ರಿಯಲ್ಲಿ ಚರ್ಮ ಸಡಿಲಾದರೆ ನಮ್ಮೂರಲ್ಲಿ ತಮಟೆ ಕಾಯಿಸುವ ಹಾಗೆ ಬೆಂಕಿಗೆ ಹಿಡಿಯುತ್ತಾರೆ. ಚರ್ಮದ ಪಂದೆರೆತ, ಅಂದರೆ ಗೆಜ್ಜೆಯ ದಿಮ್ಮಿ, ಅದಕ್ಕೂ ಹಾಗೆಯೇ. ಅವರ ವಾದ್ಯಕ್ಕೆ ಹಿತವಾದದ್ದು ನಿನ್ನ ವಾದ್ಯಕ್ಕೆ ಮೃತ್ಯು. ‘ನೀನೂ ಬಾ, ಚಳಿ’ ಅಂದಾಗ ಶಾಲು ಕೇಳು. ಶಾಲು ಎಲ್ಲರ ಮನೆಯಲ್ಲೂ ಇರುತ್ತದೆ.

ಇನ್ನು ತಾಳ. ಇದು ನಿನಗೆ ಗೊತ್ತು, ಆದರೂ ಹೇಳಬೇಕಾದ ಒಂದು ಮಾತಿದೆ. ಬುಲೆರಿಯಾ ಅನ್ನುವ ಹನ್ನೆರಡರ ತಾಳವನ್ನು 12ರಿಂದ ಎಣಿಸಿ 3, 6, 8, 10ರಲ್ಲಿ ಪೆಟ್ಟು ಇಡುವುದು ನೀನು ಕಲಿತ ಕ್ರಮ. ಮೂರು ಮೂರು ಎರಡು ಎರಡು ಎರಡು. ಕೋಣೆಯಲ್ಲಿ ಮೆಟ್ರೋನೋಮ್ ಇಟ್ಟು ಹೊಡೆದಾಗ ಸರಿ. ಹೆರೆಸ್‌ನವರು ಅದನ್ನು ಆರಾರಾಗಿಯೂ ಕಾಣುತ್ತಾರೆ. ಹಾಡುವವರು 12 ಮುಗಿಯುವ ತನಕ ಕಾಯದೆ ಅರ್ಧದಲ್ಲೇ, ಆರರಲ್ಲೇ ತಿರುಗಿಬಿಡುತ್ತಾರೆ. ನೀನು 12 ಹಿಡಿದು ಹಟ ಮಾಡಿದರೆ ಸಾಲು ಮುಗಿದ ಮೇಲೂ ನಿನ್ನ ಕಾರ್ಡ್, ಆ ಸ್ವರಗುಚ್ಛ, ಅರ್ಧದಲ್ಲಿ ಉಳಿದುಕೊಳ್ಳುತ್ತದೆ, ಎಲ್ಲರೂ ನಿನ್ನತ್ತ ನೋಡುತ್ತಾರೆ. ಎಣಿಸುವುದನ್ನು ಬಿಟ್ಟು ಹಾಡುವವರ ಬಾಯಿ ನೋಡು. ಉಸಿರು ಎಳೆದುಕೊಂಡಾಗ ಸಾಲು ಮುಗಿಯಿತು ಅಂತ.

ಎಲ್ಲವೂ ಬುಲೆರಿಯಾ ಅಲ್ಲ. ಕೆಲವು ವಿಯಾನ್ಸಿಕೊಗಳು, ಆ ಕ್ರಿಸ್‌ಮಸ್ ಹಾಡುಗಳು, ತಾಂಗೊಸ್, ಅಂದರೆ ನಾಲ್ಕರ ನಡೆ. ಹಳೆಯ ಕಥನಗೀತೆಗಳು ಮೂರರ ನಡೆಯಲ್ಲಿ ಆರಾಮಾಗಿ ತೂಗುತ್ತವೆ. ಒಬ್ಬರು ಚರಣ ಎತ್ತುತ್ತಾರೆ, ಪಲ್ಲವಿಗೆ ಇಡೀ ಅಂಗಳ ಸೇರಿಕೊಳ್ಳುತ್ತದೆ, ಅಷ್ಟರಲ್ಲಿ ಇನ್ನೊಬ್ಬರು ಇನ್ನೊಂದು ಚರಣ ಎತ್ತಿರುತ್ತಾರೆ. ಯಾವ ಶ್ರುತಿ ಅಂತ ಮೊದಲೇ ಯಾರೂ ಹೇಳುವುದಿಲ್ಲ. ಶ್ರುತಿ ಏರಿಸುವ ಹಿಡಿಕೆ, ಕ್ಯಾಪೊ, ಕೈಯಲ್ಲೇ ಇರಲಿ. ಹೆಂಗಸರು ಹಾಡುವಾಗ ಐದು, ಆರನೇ ಫ್ರೆಟ್ಟಿನಿಂದ ಹುಡುಕಲು ಶುರು ಮಾಡು. ಮೊದಲ ಸಾಲಿಗೆ ಬರೀ ಗೋಲ್ಪೆ, ಹಲಗೆಯ ಮೇಲೆ ಬೆರಳಿನ ತಟ್ಟು, ಅಷ್ಟು ಸಾಕು. ಶ್ರುತಿ ಕಿವಿಗೆ ಕೂತ ಮೇಲೆ ಕಾರ್ಡ್ ಹಾಕು. ಕ್ಯಾಪೊ ಸರಿಸಿದಾಗಲೆಲ್ಲ ಮೂರನೇ ತಂತಿಯನ್ನು ನೋಡಿಕೊ, ಮೊದಲು ತಪ್ಪುವುದು ಅದೇ.

ಹಾಡು ನಡೆಯುವಾಗ ಬೆರಳ ಚಮತ್ಕಾರ ಬೇಡ. ಐದು ಬೆರಳು ಬಿಚ್ಚಿ ತಂತಿ ಬಾರಿಸುವ ರಸ್ಗೆಯಾದೊ ಪ್ರತಿ ಸಾಲಿಗೂ ಹಾಕಿದರೆ ಅನಿಸ್ ಅನ್ನುವ ಸೋಂಪಿನ ಮದ್ಯದ ಬಾಟಲಿ ಉಜ್ಜುವವರ ಸದ್ದು ಮುಚ್ಚಿಹೋಗುತ್ತದೆ. ಆ ಬಾಟಲಿಯ ಉಬ್ಬುತಗ್ಗಿನ ಗಾಜಿನ ಮೇಲೆ ಚಮಚ ಓಡುವ ಸದ್ದು, ಹಿತ್ತಾಳೆ ಕುಟ್ಟಾಣಿಯ ಟಣ್‌ಟಣ್, ಕೊಡದ ಬಾಯಿಗೆ ಹಗ್ಗದಟ್ಟೆಯ ಚಪ್ಪಲಿಯಲ್ಲಿ ಬಡಿದಾಗ ಏಳುವ ಗುಂ. ಇಷ್ಟೂ ಸೇರಿದರೆ ಸಂಬೊಂಬ. ಗಿಟಾರ್ ಅದರ ಅಡಿಯ ಹಾಸುಗಲ್ಲು. ಹೆಬ್ಬೆರಳು, ತೋರುಬೆರಳು, ಸ್ಥಿರವಾದ ನಡೆ. ಮೊರಾಯಿತೊ ಹಾಗೆಯೇ ನುಡಿಸಿದವರು. ಎರಡು ಕಾರ್ಡಿನ ನಡುವೆ ಅವರು ಬಿಡುತ್ತಿದ್ದ ಖಾಲಿ ಜಾಗದಲ್ಲಿ ಹಾಡುವವರಿಗೆ ಕೂರಲು ಜಾಗ ಸಿಗುತ್ತಿತ್ತು.

ನಿನ್ನ ಗೆಳತಿ ತನ್ನ ‘ನೇಗ್ರಾ’ ಗಿಟಾರ್ ಕೊಡುತ್ತೇನೆ ಅಂದಿದ್ದಾಳೆ ಅಂತ ಹೇಳಿದೆಯಲ್ಲ. ಅದರ ಬೆನ್ನಿನ ಮರ ನಮ್ಮದೇ, ಪಶ್ಚಿಮ ಘಟ್ಟದ ಬೀಟೆಯ ಜಾತಿ. ಸ್ಪೇನಿನವರು ‘ಭಾರತದ ಪಾಲೊಸಾಂತೊ’ ಅನ್ನುತ್ತಾರೆ. ಒಳ್ಳೆಯ ವಾದ್ಯವೇ, ಆದರೆ ತೂಕ ಹೆಚ್ಚು, ನಾದ ಉದ್ದ. ಗದ್ದಲದ ಅಂಗಳದಲ್ಲಿ ಉದ್ದ ನಾದ ಒಂದರ ಮೇಲೊಂದು ಬಿದ್ದು ಮಸುಕಾಗುತ್ತದೆ. ಸೈಪ್ರೆಸ್‌ನದ್ದನ್ನೇ ಒಯ್ಯಿ.

ಒಯ್ದ ಮೇಲೆ ನುಡಿಸದ ಹೊತ್ತಿನಲ್ಲೆಲ್ಲ ಪೆಟ್ಟಿಗೆಯೊಳಗೆ ಇಡು, ಮುಚ್ಚಳದ ಚಿಲಕ ಹಾಕು. ಪೆಟ್ಟಿಗೆಯನ್ನು ಎಲ್ಲಿ ಇಡುತ್ತಿ ಅನ್ನುವುದೇ ಇಲ್ಲಿ ಮುಖ್ಯ. ಒಳಗೆ ದುಂಡು ಮೇಜು ಇರುತ್ತದೆ, ನೆಲದವರೆಗೆ ದಪ್ಪ ಬಟ್ಟೆ ಇಳಿಬಿಟ್ಟದ್ದು. ಆ ಬಟ್ಟೆಯ ಒಳಗೆ ಬ್ರಸೇರೊ ಇರುತ್ತದೆ. ಹಿಂದೆ ಕೆಂಡದ ತಟ್ಟೆ, ಈಗ ಕರೆಂಟಿನ ಹೀಟರ್. ಯಾರಾದರೂ ಹಿರಿಯರು ‘ಮಳೆ ಬಂದರೆ ನೆನೆಯುತ್ತದೆ’ ಅಂತ ನಿನ್ನ ಪೆಟ್ಟಿಗೆಯನ್ನು ಅದರಡಿಗೆ ತಳ್ಳಿಯಾರು. ಹಲಗೆ ಕೆಡಲು ಅರ್ಧ ಗಂಟೆ ಸಾಕು. ಮಹಡಿ ಮೆಟ್ಟಿಲಿನ ಕೆಳಗೆ, ಹೊರಗೋಡೆಗೆ ತಾಗದ ಹಾಗೆ, ಬಿಸಿ ಏನೂ ಇಲ್ಲದ ಮೂಲೆ ಇದ್ದರೆ ಅದೇ ಒಳ್ಳೆಯದು.

ಪೆಟ್ಟಿಗೆಯೊಳಗೆ ತೇವ ಶೇಕಡಾ 45ರಿಂದ 55 ಇರಲಿ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜು, ಕುತ್ತಿಗೆಯ ತಲೆಭಾಗದ ಹತ್ತಿರ. ತೊಟ್ಟಿಕ್ಕುವಷ್ಟು ನೀರು ಬೇಡ. ಒಂದು ವೇಳೆ ಸೀಳಿಯೇ ಬಿಟ್ಟರೆ, ಆರೂ ತಂತಿ ಎರಡು ಸ್ವರ ಇಳಿಸು. ಸೀಳಿನ ಮೇಲೆ ಬೆರಳು ಆಡಿಸಬೇಡ, ಬೆರಳಿನ ಎಣ್ಣೆ ಒಳಗೆ ಹೋದರೆ ಅಂಟು ಹಿಡಿಯುವುದಿಲ್ಲ. ಸೂಪರ್ ಗ್ಲೂ ತರುವವರು ಇದ್ದೇ ಇರುತ್ತಾರೆ, ಬೇಡ ಅನ್ನು. ಪೆಟ್ಟಿಗೆಯಲ್ಲಿ ಸ್ಪಂಜು ಇಟ್ಟು ಮೂರು ನಾಲ್ಕು ದಿನ ಬಿಟ್ಟರೆ ಹೊಸ ಸೀಳು ಹೆಚ್ಚಾಗಿ ತಾನಾಗಿ ಕೂಡಿಕೊಳ್ಳುತ್ತದೆ. ಆಮೇಲೆ ಸರೇಸಿನ ಅಂಟು, ಒಳಗಿನಿಂದ ಸಣ್ಣ ಮರದ ತೇಪೆ. ಅದನ್ನು ಮಾಡಬಲ್ಲವರು ನಿನ್ನ ಸುತ್ತ ಬೇಕಾದಷ್ಟು ಜನ ಇದ್ದಾರೆ, ಗೊತ್ತು. ಆದರೂ ಮೊದಲು ನನಗೆ ಫೋಟೊ ಕಳಿಸು. ಗಿಟಾರ್ ಸೀಳಿದ್ದಕ್ಕೆ ನಾನು ಬೈಯುವುದಿಲ್ಲ. ನೀನು ಅದನ್ನು ಮುಚ್ಚಿಟ್ಟರೆ ತಡೆದುಕೊಳ್ಳಲಾರೆ.

ಬರಿಗೈಯಲ್ಲಿ ಹೋಗಬೇಡ. ಅವರು ಪೆಸ್ತಿಞೊ ಮಾಡಿರುತ್ತಾರೆ, ಸೋಂಪಿನ ಎಣ್ಣೆ, ಎಳ್ಳು, ದ್ರಾಕ್ಷಾರಸ ಹಾಕಿ ಕಲಸಿ, ಕರಿದು, ಜೇನಿನಲ್ಲಿ ಅದ್ದಿದ್ದು. ನಮ್ಮ ಕಿಡಿಯೊಗೆ ಅಕ್ಕನೋ ತಂಗಿಯೋ ಆಗಬೇಕು. ನೀನು ಕಿಡಿಯೊ ಮಾಡಿಕೊಂಡು ಹೋಗು. ಮೈದಾ ಅರ್ಧ ಕಿಲೊ, ಬೆಣ್ಣೆ 50 ಗ್ರಾಂ, ಒಂದು ಮೊಟ್ಟೆ, ಚಿಟಿಕೆ ಉಪ್ಪು, ತೆಂಗಿನಹಾಲು ಹಿಡಿಸುವಷ್ಟು. ಡಬ್ಬಿಯ ಹಾಲಾದರೆ 200 ಮಿಲಿ ಒಟ್ಟಿಗೆ ಸುರಿಯಬೇಡ, ಅದು ಗಟ್ಟಿ, ಸ್ವಲ್ಪ ನೀರು ಬೆರೆಸಿ ನೋಡಿ ನೋಡಿ ಹಾಕು. ಚಪಾತಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ ಇರಬೇಕು. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ. ನೆಲಗಡಲೆ ಗಾತ್ರದ ಉಂಡೆ, ಫೋರ್ಕಿನ ಹಿಂಭಾಗದ ಮೇಲೆ ಒತ್ತಿ ಸುರುಳಿ. ಎಣ್ಣೆ ಸೂರ್ಯಕಾಂತಿಯದು, ಉರಿ ಸಣ್ಣ. ತೀರಾ ಕಾದ ಎಣ್ಣೆಗೆ ಹಾಕಿದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದು ಮರುದಿನಕ್ಕೆ ಮೆತ್ತಗಾಗುತ್ತದೆ. ಸಕ್ಕರೆ ಒಂದು ಕಪ್ಪಿಗೆ ನೀರು ಅರ್ಧ ಕಪ್, ಎರಡೆಳೆ ಪಾಕ. ಹಾಕಿ ಕಲಕಿದರೆ ಬಿಳಿ ಗರಿ ಕಟ್ಟಬೇಕು.

ಪೆಸ್ತಿಞೊ ನುಡಿಸಿ ಆದ ಮೇಲೆ ತಿನ್ನು. ಜೇನು ಕೈಗೆ ಹತ್ತಿ ಅದು ದಪ್ಪ ತಂತಿಯ ಸುರುಳಿಯೊಳಗೆ ಹೋದರೆ ದನಿ ಸತ್ತುಹೋಗುತ್ತದೆ, ಒರೆಸಿದರೂ ಬರುವುದಿಲ್ಲ. ಎಸ್ತೆಪಾದ ಪೊಲ್ವೊರೋನ್, ಆ ಪುಡಿಪುಡಿ ಬಿಸ್ಕತ್ತು, ಕೊಟ್ಟರೆ ಕಾಗದ ಬಿಚ್ಚದೆ ಮೊದಲು ಮುಷ್ಟಿಯಲ್ಲಿ ಒತ್ತು, ಇಲ್ಲವಾದರೆ ಗಿಟಾರಿನ ತುಂಬ ಪುಡಿ. ಅನಿಸ್ ಕುಡಿಯುತ್ತೀಯೋ ಬಿಡುತ್ತೀಯೋ, ನೀನು ದೊಡ್ಡವಳು. ಹೊಟ್ಟೆಗೆ ಏನಾದರೂ ಹಾಕಿಕೊಂಡು ಕುಡಿ. ರಾತ್ರಿ ಎರಡು ಗಂಟೆಗೆ ಒಬ್ಬಳೇ ನಡೆದು ಬರಬೇಡ. ಬಲಗೈಗೆ ಗ್ಲೌಸ್ ಹಾಕಿಕೊಂಡೇ ಹೋಗು, ಚಳಿಗೆ ಉಗುರು ಪೆಡಸಾಗಿ ಮುರಿಯುತ್ತದೆ. ಬೈಗುಳದ ಹಾಗೆ ಕೇಳುತ್ತಿದ್ದರೆ ಕ್ಷಮಿಸು, ನನ್ನ ದನಿಯೇ ಹಾಗೆ ಆಗಿಹೋಗಿದೆ.

ಪಪ್ಪ ನಕ್ಷತ್ರ ಕಟ್ಟಿದರು. ಗೋದಲಿಗೆ ಹುಲ್ಲು ತಂದದ್ದು ನಾನು. ನೆವ್ರಿಗೆ ಈ ಸಲ ಅರ್ಧ ಅಳತೆ ಸಾಕು ಅಂದುಕೊಂಡಿದ್ದೆ, ಪೂರ್ತಿಯೇ ಮಾಡುತ್ತೇನೆ. 24ರ ರಾತ್ರಿ ಪ್ರಾರ್ಥನೆಗೆ ಹೊರಡುವ ಮೊದಲು, ನಮ್ಮ ಹನ್ನೊಂದೂವರೆಗೆ ಫೋನ್ ಮಾಡು. ಅಲ್ಲಿ ಆಗ ಸಂಜೆ ಏಳು, ನೀವಿನ್ನೂ ಊಟಕ್ಕೆ ಕೂತಿರುವುದಿಲ್ಲ. ಅಂಗಳದಲ್ಲಿ ಕಲಿತ ಯಾವುದಾದರೂ ಒಂದು ಪಲ್ಲವಿ ನುಡಿಸು. ನಾನು ಇಲ್ಲಿ ಚಪ್ಪಾಳೆ ಹಾಕುತ್ತೇನೆ, ಫೋನಿನಲ್ಲಿ ತಡವಾಗಿ ಕೇಳಿಸುತ್ತದೆ, ಅದಕ್ಕೆ ಕಾಯದೆ ನೀನು ಮುಂದೆ ಹೋಗು.

ಈಗಲೇ ಎದ್ದು ಪೆಟ್ಟಿಗೆ ತೆರೆದು ನೋಡು, ತೇವದ ಮೀಟರ್ ಎಷ್ಟು ತೋರಿಸುತ್ತಿದೆ? ಇವತ್ತು ರಾತ್ರಿಯೇ ಬರೆ. ನಾನು ಎಚ್ಚರ ಇರುತ್ತೇನೆ.

ನಿನ್ನ
ಅಮ್ಮ