ನಮ್ಮವನಿಗೆ ಹೆಣ್ಣು ನೋಡಲು ಹೋಗಿದ್ದೆ ಭಾಗವತಾ

ಪ್ರೀತಿಯ ಭಾಗವತಾ,

ವಾಟ್ಸಾಪಿನಲ್ಲಿ ಕಳಿಸಿದರೆ ಎರಡು ನೀಲಿ ಗೆರೆ ಬೀಳುತ್ತದೆ, ಮತ್ತೆ ನಿನ್ನ ಸುದ್ದಿಯೇ ಇಲ್ಲ. ಹಾಗಾಗಿ ಈ ಸಲ ಎಲ್ಲರೆದುರು ಇಲ್ಲೇ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನೀನು ಉತ್ತರ ಕೊಟ್ಟೇ ಕೊಡುತ್ತೀಯ, ಕುಂಬಳೆ ಸ್ಟೇಷನ್ನಿನ ಆ ರಾತ್ರಿಯಿಂದಲೇ ನನಗದು ಗೊತ್ತು. ಉಳಿದವರೂ ಓದಿಕೊಳ್ಳಿ. ಆದರೆ ಕೆಳಗೆ ಆ ಕಣ್ಣೀರಿನ ಮುಖ ಮಾತ್ರ ಒತ್ತಬೇಡಿ. ಹೋದ ವರ್ಷ ಒಬ್ಬರು ಅವಸರದಲ್ಲಿ ನಗುವ ಮುಖ ಒತ್ತಿಬಿಟ್ಟರು. ಆಮೇಲೆ ಫೋನು ಮಾಡಿ ಅತ್ತರು. ಅವರನ್ನು ಸಮಾಧಾನ ಮಾಡುವುದರಲ್ಲಿ ನನಗೆ ಅರ್ಧ ದಿನ ಹೋಯಿತು.

ಇಲ್ಲಿ ಆಟಿ ತಿಂಗಳು ಶುರುವಾಗಿದೆ. ಅಡಿಕೆಗೆ ಎರಡನೇ ಸಲ ಮದ್ದು ಬಿಡಬೇಕು, ಮಳೆ ಬಿಟ್ಟು ಹೊಳವಾದ ದಿನ ಜನ ಇಲ್ಲ, ಜನ ಬಂದ ದಿನ ಹೊಳವಿಲ್ಲ. ಮೊನ್ನೆ 19ಕ್ಕೆ ನನ್ನ ಮಗ ಅಣ್ಣು ಹೋಗಿ ಎರಡು ವರ್ಷ ಆಯಿತು.

ಈಗ ವಿಷಯ. ನಗಬೇಡ. ಆದಿತ್ಯವಾರ ನಾನು ಅವನಿಗೆ ಹೆಣ್ಣು ನೋಡಲು ಹೋಗಿದ್ದೆ.

ಹೌದು ಮಾರಾಯ, ಅದೇ. ಕುಲೆ ಮದಿಮೆ, ಸತ್ತವರಿಗೆ ಮಾಡುವ ಮದುವೆ. ಪುತ್ತೂರು ಕಡೆಯವರೊಬ್ಬರು 30 ವರ್ಷ ಹಿಂದೆ ತೀರಿಕೊಂಡ ಮಗಳಿಗೆ ಪ್ರೇತ ವರ ಬೇಕೆಂದು ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರಲ್ಲ, 2024ರ ಮೇ ತಿಂಗಳಲ್ಲಿ, ಅದನ್ನು ನಿನಗೆ ಕಳಿಸಿ ನಾನು ಏನು ಬರೆದಿದ್ದೆ ಎಂದು ನಿನಗೆ ನೆನಪಿರಬಹುದು. ದಯವಿಟ್ಟು ಅದನ್ನು ತಂದು ಇಲ್ಲಿ ಹಾಕಬೇಡ. ಅದಾಗಿ ಎರಡೇ ತಿಂಗಳಿಗೆ ನಮ್ಮವನು ಹೋದದ್ದು.

ಘಟ್ಟದ ಮೇಲಿನವರಿಗೆ ಹೇಳುತ್ತೇನೆ. ಮದುವೆಯಾಗದೆ ಸತ್ತವರು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತಾರೆ, ಮಾಡದಿದ್ದರೆ ಮನೆಯಲ್ಲಿ ಬದುಕಿರುವವರ ಮದುವೆ ತಡೆಯುತ್ತದೆ. ತುಳುನಾಡಿನಲ್ಲಿ ಹೀಗೊಂದು ನಂಬಿಕೆ. ಜಾತಿ ಒಂದೇ ಆಗಬೇಕು, ಬರಿ, ಅಂದರೆ ಗೋತ್ರದ ಹಾಗಿನದ್ದು, ಬೇರೆ ಆಗಬೇಕು. ದಿಬ್ಬಣ ಉಂಟು, ಧಾರೆ ಸೀರೆ ಉಂಟು, ಕೋಳಿ ಸುಕ್ಕ ಉಂಟು. ಮಕ್ಕಳು ಮತ್ತು ಮದುವೆಯಾಗದವರು ನೋಡುವಂತಿಲ್ಲ. ಸತ್ತ ಮೇಲೂ ಜಾತಿ ಬಿಡುವುದಿಲ್ಲ ನೋಡಿ ಎಂದು ನಾನು ಶಾಲೆಯಲ್ಲಿ ಭಾಷಣ ಮಾಡುತ್ತಿದ್ದೆ. ಈಗ ಆ ಭಾಷಣ ಮಾಡುವ ಮುಖ ಇಲ್ಲ.

ಸಣ್ಣವಳಿಗೆ, ಅಂದರೆ ಮಗಳಿಗೆ, ಬಂದ ಮೂರು ಸಂಬಂಧ ತಪ್ಪಿತು. ನನ್ನ ಹೆಂಡತಿಯ ಅಕ್ಕ ಜೋಯಿಸರಲ್ಲಿ ಹೋಗಿ ಪ್ರಶ್ನೆ ಇಡಿಸಿದರು, ಅಲ್ಲಿ ಇದು ಕಂಡಿತಂತೆ. ನಾನು ಒಂದು ವಾರ ಹಾರಾಡಿದೆ. ಕೊನೆಗೆ ಸಣ್ಣವಳೇ ಬಂದು, "ಒಮ್ಮೆ ಹೋಗಿ ಬನ್ನಿ ಅಪ್ಪಾ, ಅಮ್ಮ ಎರಡು ವರ್ಷದಲ್ಲಿ ಮೊದಲ ಸಲ ಕಪಾಟಿನಿಂದ ಒಳ್ಳೆ ಸೀರೆ ತೆಗೆದಿದ್ದಾರೆ" ಅಂದಳು.

ಪೆರ್ಲದಿಂದ ಒಳಗೆ ಮನೆ. ಹುಡುಗಿ 24ಕ್ಕೇ ತೀರಿಕೊಂಡದ್ದು, ಈಗ 12 ವರ್ಷ ಆಯಿತು. ನಮ್ಮವನಿಗೆ 28. ಆದರೆ ಅಲ್ಲಿಯೂ ಬೆಳೆಯುತ್ತಾರೆ ಎಂಬ ಲೆಕ್ಕ ಹಿಡಿದರೆ ಇವನಿಗೆ 30, ಅವಳಿಗೆ 36. ಯಾವ ಲೆಕ್ಕ ಸರಿ ಎಂದು ಮಧ್ಯಸ್ಥ ನನ್ನನ್ನೇ ಕೇಳಿದ. ನೀವು ಗಣಿತದವರಲ್ವಾ ಮಾಷ್ಟ್ರೇ ಅಂದ. 31 ವರ್ಷದ ಸರ್ವೀಸಿನಲ್ಲಿ ಇಂಥ ಲೆಕ್ಕ ನನಗೆ ಯಾರೂ ಕೊಟ್ಟಿರಲಿಲ್ಲ.

ಅವಳ ಅಪ್ಪ ನನಗಿಂತ ಐದಾರು ವರ್ಷ ಹಿರಿಯರು. ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ತಾವು ಸ್ಟೂಲಿನಲ್ಲಿ ಕೂತರು. ಒಳಗಿನಿಂದ ಅವಳ ಬೀಡಿ ಲೆಕ್ಕದ ಪುಸ್ತಕ ತಂದು ತೋರಿಸಿದರು. ಅಂಚು ಇಲಿ ತಿಂದಿತ್ತು. ಇಷ್ಟು ಎಲೆ, ಇಷ್ಟು ಹೊಗೆಸೊಪ್ಪು, ಇಷ್ಟು ಕಟ್ಟು. ಏಳು ಬರೆದರೆ ಅದರ ಹೊಟ್ಟೆಗೆ ಒಂದು ಅಡ್ಡ ಗೆರೆ. "ಅಕ್ಷರ ಚೆಂದ ಉಂಟಲ್ವಾ?" ಎಂದು ಕೇಳಿದರು. ಚೆಂದ ಉಂಟು ಅಂದೆ. ನಿಜವಾಗಿ ಚೆಂದ ಇತ್ತು.

ಆಮೇಲೆ ಅವರು ಕೇಳಿದ್ದು, "ನಿಮ್ಮ ಹುಡುಗನಿಗೆ ಮೀನು ಆಗ್ತದಾ?"

ಆಗ್ತದಾ! ಆಗ್ತಿತ್ತಾ ಅಲ್ಲ. ನಮ್ಮ ಮನೆಯಲ್ಲಿ ಅವನ ಹೆಸರು ಬಂದರೆ ಎಲ್ಲರ ಸ್ವರ ಇಳಿಯುತ್ತದೆ. "ಬೂತಾಯಿ ಅಂದರೆ ಜೀವ, ಮುಳ್ಳು ಬಿಡಿಸಲಿಕ್ಕೆ ಮಾತ್ರ ಉದಾಸೀನ, ಈಗಲೂ ಅಮ್ಮನೇ ಬಿಡಿಸಿ ಕೊಡಬೇಕು" ಅಂದೆ. ಈಗಲೂ ಅಂದೆ ಭಾಗವತಾ. ಮತ್ತೆ ನಿಲ್ಲಿಸಲಿಕ್ಕೆ ಆಗಲಿಲ್ಲ. ಅವನ ಸಂಬಳ, ಅವನ ಗೊರಕೆ, ಬ್ಯಾಡ್ಮಿಂಟನ್ ಕಪ್ಪು, ಸಿಟ್ಟು ಬಂದರೆ ಅವನು ಊಟ ಬಿಡುವುದು, ಎಲ್ಲ ಹೇಳಿದೆ. ಎರಡು ಗಂಟೆ. ಚಹಾ ಎರಡು ಸಲ ಬಂತು. ಸಿಗರೇಟಿನ ವಿಷಯ ಹೇಳಲಿಲ್ಲ, ಗಂಡಿನ ಅಪ್ಪ ಅಲ್ವಾ ನಾನು.

ಗಂಡಿನ ಅಪ್ಪ ಎಂದು ನನ್ನನ್ನು ಯಾರಾದರೂ ಕೂರಿಸಿದ್ದು ಅಲ್ಲಿಯೇ. ಅವನ ಬ್ಯಾಂಕಿನಲ್ಲಿ ಸ್ವಲ್ಪ ಹಣ ಇತ್ತು, ನಾಮಿನಿ ಇರಲಿಲ್ಲ. ವಾರಸುದಾರರ ಸರ್ಟಿಫಿಕೇಟಿಗೆಂದು ಒಂದು ಕಚೇರಿಗೆ ಹೋದೆ. ಫಾರಂ ಪೂರ್ತಿ ಮಲಯಾಳದಲ್ಲಿ. ಯಾರನ್ನೋ ಹಿಡಿದು ತುಂಬಿಸಿ ಕೊಟ್ಟರೆ ಗುಮಾಸ್ತ ನನ್ನ ಹೆಸರಿನ ಮೇಲೆ ಗೀಟು ಎಳೆದು, "ಅಚ್ಛನ್ ವೇಂಡ, ಅಮ್ಮ ಮದಿ" ಅಂದ. ಅಪ್ಪ ಬೇಡ, ಅಮ್ಮ ಸಾಕು. ಅವನ ತಪ್ಪಲ್ಲ, ಕಾನೂನೇ ಹಾಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸತ್ತ ಮಗನಿಗೆ ಅಮ್ಮ ಒಂದನೇ ವರ್ಗದ ವಾರಸುದಾರಳು, ಅಪ್ಪ ಎರಡನೇ ವರ್ಗ. ಅದೂ 1956ರದ್ದು. ಆ ವರ್ಷವೇ ಕಾಸರಗೋಡು ಕೇರಳಕ್ಕೆ ಹೋದದ್ದು, ಆ ವರ್ಷವೇ ಅಪ್ಪ ಎರಡನೇ ವರ್ಗಕ್ಕೆ ಹೋದದ್ದು. ನಮ್ಮಂಥವರಿಗೆ 1956 ಆಗಿ ಬರಲಿಲ್ಲ ನೋಡು.

ಇರಲಿ. ಹೊರಡುವಾಗ ಅವರು ಕೇಳಿದರು, "ಹುಡುಗನಿಗೆ ಎಂತ ಆದದ್ದು?"

"ಹಾರ್ಟು" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಂದ ಹಾಗೇ ಬಂತು.

ಇಲಿಜ್ವರ ಎಂದು ನಿನಗೆ ಗೊತ್ತು. ಆದರೆ ನಿನಗೂ ಪೂರ್ತಿ ಗೊತ್ತಿಲ್ಲ. ಆಗ ಅವನು ಒಂದು ತಿಂಗಳು ಮನೆಯಿಂದಲೇ ಕೆಲಸ ಎಂದು ಬಂದಿದ್ದ. ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಗಾಯ ಆಗಿತ್ತು, ನಾಲ್ಕಾಣೆಯಷ್ಟು. ತೋಟದಲ್ಲಿ ನೀರು ಹರಿಯುವ ಕಣಿಗೆ ಸೋಗೆ ಬಿದ್ದು ನೀರು ಕಟ್ಟಿತ್ತು. ಇಡೀ ದಿನ ಕೂತೇ ಇರ್ತಿಯಲ್ಲ, ಒಮ್ಮೆ ಇಳಿದು ಎಳೆದು ಹಾಕು ಅಂದೆ. ಅರ್ಧ ಗಂಟೆ ಇಳಿದ. ಎಂಟನೇ ದಿನ ಜ್ವರ ಬಂತು. ಪ್ಯಾರಾಸಿಟಮಾಲ್ ಕೊಟ್ಟೆವು. ಕಾಲಿನ ಮೀನಖಂಡ ನೋವು ಅಂದ, ವ್ಯಾಯಾಮ ಇಲ್ಲ ಅದಕ್ಕೆ ಅಂದೆ. ಕಣ್ಣು ಕೆಂಪಾಗಿತ್ತು, ಲ್ಯಾಪ್‌ಟಾಪ್ ಕಡಿಮೆ ಮಾಡು ಅಂದೆ. ಮಂಗಳೂರಿಗೆ ಮುಟ್ಟುವಾಗ ಮೂತ್ರ ನಿಂತಿತ್ತು. ಆರು ದಿನ.

ಅದು ಇಲಿಯ ಮೂತ್ರ ಸೇರಿದ ನೀರಿನಿಂದ ಬರುವುದು, ಗಾಯ ಇದ್ದರೆ ಸುಲಭದಲ್ಲಿ ಒಳಗೆ ಹೋಗುತ್ತದೆ ಎಂದು ಆಮೇಲೆ ತಿಳಿಯಿತು ಎಂದು ನಾನು ಎಲ್ಲರಲ್ಲೂ ಹೇಳಿದ್ದೇನೆ. ಆಮೇಲೆ ಅಲ್ಲ. ಜೂನಿನಲ್ಲೇ ಆಶಾ ಕಾರ್ಯಕರ್ತೆ ಮನೆಗೆ ಬಂದು ಇದನ್ನೇ ಹೇಳಿ, ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟು ಹೋಗಿದ್ದರು. ಕೆಸರಿಗೆ ಇಳಿಯುವವರು ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದರೆ ನೂರರದ್ದು ಎರಡು. ತೋಟದ ಕೆಲಸದವರಿಗೆ ನಾನು ಪ್ರತಿ ಸೋಮವಾರ ಕೊಡುತ್ತಿದ್ದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾನೂ ನುಂಗುತ್ತಿದ್ದೆ. ಅವನಿಗೆ ಕೊಡಲಿಲ್ಲ. ಮನಸ್ಸಿಗೇ ಬರಲಿಲ್ಲ ಮಾರಾಯ. ಅವನು ಮಗ ಅಲ್ವಾ, ಕೆಲಸದವನಲ್ಲವಲ್ಲ. ಉಳಿದ ಮಾತ್ರೆ ಟಿವಿಯ ಹಿಂದೆ ಈಗಲೂ ಉಂಟು.

ಈ ಮಾತ್ರೆಯ ವಿಷಯ ಇವಳಿಗೆ ಗೊತ್ತಿಲ್ಲ.

ಅಂದರೆ ಇನ್ನು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಇವಳ ಅಕ್ಕನ ಮಗ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾನೆ. ಇಷ್ಟು ಬರೆಯಬೇಕೆಂದು ಕೂತದ್ದಲ್ಲ. ಮಧ್ಯಸ್ಥನ ತಮಾಷೆ ಹೇಳಿ ಮುಗಿಸುವ ಎಂದು ಕೂತದ್ದು. ಎರಡು ಸಲ ಅಳಿಸಿದೆ, ಎರಡು ಸಲ ಪುನಃ ಬರೆದೆ, ಬೆರಳು ದಪ್ಪ ಇರುವವರಿಗೆ ಈ ಫೋನಿನಲ್ಲಿ ಅದೇ ದೊಡ್ಡ ಕೆಲಸ.

ನಾಳೆ ಪೆರ್ಲದವರಿಗೆ ಫೋನು ಮಾಡುತ್ತೇನೆ. ಗಂಡಿನ ಕಡೆಯವರು ವಿಷಯ ಮುಚ್ಚಿಟ್ಟರು ಎಂದು ಆಗಬಾರದಲ್ಲ. ಸಂಬಂಧ ತಪ್ಪಿದರೆ ತಪ್ಪಲಿ, ಬೇರೆ ನೋಡುವ. ನಮ್ಮವನಿಗೇನು ಪ್ರಾಯ ಮೀರುತ್ತದಾ?

ಕೂಡಿ ಬಂದರೆ ಆಟಿ ಮುಗಿಯುವುದರೊಳಗೆ. ನೀನು ಬರಬೇಕು. ಮದುವೆಯಾಗದವರು ನೋಡುವಂತಿಲ್ಲ ಎಂಬುದು ನಿನ್ನ ಮಟ್ಟಿಗೆ ಹೇಗೆ ಎಂದು ಜೋಯಿಸರಲ್ಲಿ ಕೇಳಿಸುತ್ತೇನೆ, ಆ ಎಂಟು ತಿಂಗಳನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ. ಇಲ್ಲದಿದ್ದರೆ ದನದ ಹಟ್ಟಿಯ ಹತ್ತಿರ ನಿನಗೊಂದು ಕುರ್ಚಿ ಹಾಕಿಸುವ, ಊಟ ಅಲ್ಲಿಗೇ ಬರುತ್ತದೆ. ಹಾಡುವುದು ಮಾತ್ರ ಬೇಡ. ಕುಲೆಗಳು ಎದ್ದು ಹೋದರೆ ಪುನಃ ಹೆಣ್ಣು ಹುಡುಕಲು ನನ್ನಿಂದಾಗದು.

ಇತಿ ನಿನ್ನ,
ಲಸಾಅ