ಶನಿವಾರದ ಅವೆರಾವು ಹತ್ತುವಿಕೆ: ಹೊರಡೋ ಮುಂಚೆ ಓದಿಬಿಡಿ

ಎಲ್ಲರಿಗೂ ನಮಸ್ಕಾರ. ಇಟಲಿಯ ಡೋಲೊಮೈಟ್ಸ್ ಪರ್ವತಗಳಲ್ಲಿ ನಾವು ಹತ್ತೋದು ಅವೆರಾವು ಶಿಖರ, 2649 ಮೀಟರ್. ಚಿಂಕ್ವೆ ಟೋರಿ ಚೇರ್‌ಲಿಫ್ಟ್ ಇಳಿದು ನಡೆದರೆ ಬಂಡೆಯ ಬುಡ ಸಿಗುತ್ತೆ. ಹಿಡ್ಕೊಂಡು ಹತ್ತೋಕೆ ಬಂಡೆಗೆ ಉಕ್ಕಿನ ಹಗ್ಗ ಬಿಗಿದಿರೋ ಭಾಗ ಚಿಕ್ಕದು, ಮೊದಲ ಸಲದವರಿಗೆ ಒಳ್ಳೇದು.

ನಮ್ಮನ್ನ ಹಗ್ಗಕ್ಕೆ ಸೇರಿಸೋ ಕೊಕ್ಕೆ ಎರಡಿರುತ್ತೆ. ಹಗ್ಗವನ್ನ ಬಂಡೆಗೆ ಬಿಗಿದಿರೋ ಗೂಟ ಬಂದಾಗ ಒಂದನ್ನ ಬಿಚ್ಚಿ ಆಚೆ ಹಾಕಿ, ಅದು ಟಕ್ ಅಂತ ಮುಚ್ಚಿಕೊಂಡ ಮೇಲೇ ಇನ್ನೊಂದು. ಎರಡನ್ನೂ ಒಟ್ಟಿಗೆ ಬಿಚ್ಚಲೇಬೇಡಿ, ಕೈಮುಗಿದು ಕೇಳ್ತೀನಿ. ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು. ಮೇಲಿನವರು ಜಾರಿದರೆ ಕೆಳಗಿನವರ ಮೇಲೇ ಬೀಳ್ತಾರೆ. ಇಳಿಯೋದೂ ಅದೇ ದಾರಿ, ಎದುರಿಗೆ ಬರೋರಿಗೆ ಕಾಯಬೇಕಾಗುತ್ತೆ.

ಹೆಲ್ಮೆಟ್, ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಕಟ್ಟೋ ಪಟ್ಟಿ), ಬಿದ್ದಾಗ ಆಘಾತ ತಡೆಯೋ ಪಟ್ಟಿ ಇರೋ ಕೊಕ್ಕೆಗಳ ಸೆಟ್ ಬಾಡಿಗೆಗೆ ಸಿಗುತ್ತೆ. ಸೆಟ್ಟಿನ ಮೇಲೆ ಬರೆದಿರೋ ತೂಕದ ಮಿತಿ ನೋಡ್ಕೊಳ್ಳಿ, ಸಾಮಾನ್ಯವಾಗಿ 40ರಿಂದ 120 ಕೆಜಿ. ಮಕ್ಕಳನ್ನ ಕರೆತರೋರು ಮೊದಲೇ ನನಗೆ ಹೇಳಿ. ಕೈಗವಸು ಮರೀಬೇಡಿ: ಹೋದ ವರ್ಷ ಬಿಚ್ಚಿಕೊಂಡಿದ್ದ ಉಕ್ಕಿನ ಎಳೆಯೊಂದು ನನ್ನ ಅಂಗೈಗೆ ಚುಚ್ಚಿ, ಇಳಿಯೋವರೆಗೂ ರಕ್ತ ಒಸರ್ತಾ ಇತ್ತು.

ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಜಾಸ್ತಿ, ಹಗ್ಗ ಸಿಡಿಲಿಗೆ ತಂತಿ ಇದ್ದ ಹಾಗೆ. ಅದಕ್ಕೇ ಮೊದಲ ಲಿಫ್ಟ್ ಹಿಡೀಲೇಬೇಕು. ಮೋಡ ಕಪ್ಪಾದರೆ ತುದಿ ಹತ್ತು ಹೆಜ್ಜೆ ದೂರ ಇದ್ದರೂ ವಾಪಸ್. ತುರ್ತಿಗೆ 112.

ಬರೋರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.