ದೋಣಿ ಎಡಕ್ಕೇ ಯಾಕೆ ಹೋಯಿತು?

ಪ್ರೀತಿಯ ತಂಗಿ,

ಕೆನಡಾದ ಆಲ್ಗಾಂಕ್ವಿನ್ ಪಾರ್ಕಿನಲ್ಲಿ ಮಾಡಿದ ದೋಣಿ ಪ್ರವಾಸದ ಬಗ್ಗೆ ಟೊರಾಂಟೊದಿಂದ ನೀನು ಕಳಿಸಿದ ಹನ್ನೊಂದು ಪುಟ ಓದಿದೆ. ‘ಎರಡು ಪತ್ರಿಕೆಯವರು ವಾಪಸು ಕಳಿಸಿದರು, ಇನ್ನು ಬರೆಯುವುದೇ ಬೇಡ ಅನಿಸುತ್ತಿದೆ’ ಅಂತ ಕೊನೆಗೆ ಸೇರಿಸಿದ್ದನ್ನೂ ಓದಿದೆ. ವಾಪಸು ಬಂದದ್ದು ನ್ಯಾಯವೇ. ಆದರೆ ಬಿಟ್ಟುಬಿಡುವ ಮಾತು ಬೇಡ. ನಾಲ್ಕನೇ ಪುಟದಲ್ಲಿ ಒಂದು ವಾಕ್ಯ ಇದೆ: ‘ಎಷ್ಟೇ ಹುಟ್ಟು ಹಾಕಿದರೂ ದೋಣಿ ಎಡಕ್ಕೇ ಎಳೆಯುತ್ತಿತ್ತು.’ ಅದೊಂದಕ್ಕಾಗಿ ಈ ಕಾಗದ.

ಯಾವ ಪ್ರಕಾಶಕರು, ಎಷ್ಟು ಪದ, ಫೋಟೋ ಹಾಕಬೇಕೇ ಅಂತೆಲ್ಲ ಕೇಳಿದ್ದೀಯ. ಅವನ್ನು ಯಾರಾದರೂ ಹೇಳುತ್ತಾರೆ. ನನಗೆ ಬೇಕಿರುವುದು ಆ ಎಡ.

ಆ ವಾಕ್ಯ ಬರೆದವಳು ಮುಂದಿನ ಸಾಲಿನಲ್ಲೇ ‘ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಅಲ್ಪ’ ಅಂದುಬಿಟ್ಟೆಯಲ್ಲ! ಪ್ರಕೃತಿಗೆ ಇದರಲ್ಲಿ ಏನೂ ಪಾತ್ರವಿಲ್ಲ ಮಾರಾಯ್ತಿ. ನೀನು ಜೊತೆಗಿಟ್ಟ ಫೋಟೋ ನೋಡು. ಹಿಂದೆ ಕೂತ ನಿನ್ನ ಗಂಡನ ಹುಟ್ಟು ಬಲಗಡೆ, ನಿನ್ನದು ಎಡಗಡೆ. ಕೆನೂ ಅಂದರೆ ನೀವು ಹತ್ತಿದ ಆ ಉದ್ದನೆಯ ಕಿರುದೋಣಿ; ಇಬ್ಬರು ಕೂರುವ ಕೆನೂದಲ್ಲಿ ಮುಂದಿನ ಸೀಟು ಕಾಲು ಚಾಚಲು ಜಾಗ ಬಿಟ್ಟು ನಡುವಿಗೆ ಹತ್ತಿರ ಇರುತ್ತದೆ, ಹಿಂದಿನದು ತುದಿಗೆ ಅಂಟಿಕೊಂಡಿರುತ್ತದೆ. ಸನ್ನೆಕೋಲಿನ ಲೆಕ್ಕ ಅಷ್ಟೇ: ಇಬ್ಬರೂ ಒಂದೇ ಬಲ ಹಾಕಿದರೂ ಹಿಂದಿನವನದೇ ಗೆಲ್ಲುತ್ತದೆ. ಅವನು ಬಲಗಡೆ ಎಳೆದರೆ ದೋಣಿಯ ಮೂತಿ ಎಡಕ್ಕೆ. ನೀನು ಮುಂದೆ ಕೂತು ಎಷ್ಟು ಒದ್ದಾಡಿದರೂ ಅದು ನೇರವಾಗುವುದಿಲ್ಲ.

ಇದಕ್ಕೆ ಮದ್ದು ಜೆ-ಸ್ಟ್ರೋಕ್. ಹುಟ್ಟಿನ ಹಲಗೆ ಸೊಂಟದ ಹತ್ತಿರ ಬಂದಾಗ ಮೇಲಿನ ಕೈಯ ಹೆಬ್ಬೆರಳನ್ನು ಕೆಳಮುಖ ಮಾಡಿ, ಹಲಗೆಯನ್ನು ದೋಣಿಯಿಂದ ಹೊರಕ್ಕೆ ಮೆಲ್ಲಗೆ ತಳ್ಳಬೇಕು. ನೀರಿನಲ್ಲಿ ಇಂಗ್ಲಿಷಿನ ಜೆ ಅಕ್ಷರ ಬರೆದ ಹಾಗೆ. ಹೊಸಬರು ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸುತ್ತಾರೆ. ಆಗಲೂ ದೋಣಿ ನೆಟ್ಟಗಾಗುತ್ತದೆ, ಆದರೆ ಹುಟ್ಟು ಚುಕ್ಕಾಣಿಯಂತೆ ನೀರಿಗೆ ಅಡ್ಡ ನಿಂತು ಪ್ರತಿ ಸಲವೂ ಬ್ರೇಕು ಹಾಕುತ್ತದೆ. ಅದೂ ಗೊತ್ತಿಲ್ಲದವರು ಐದೈದು ಎಳೆತಕ್ಕೆ ಬದಿ ಬದಲಿಸುತ್ತ, ತೊಡೆ ಮೇಲೆ ನೀರು ಸುರಿಸಿಕೊಳ್ಳುತ್ತಾರೆ. ‘ಪ್ಯಾಂಟೆಲ್ಲ ಒದ್ದೆ’ ಅಂತ ನೀನೇ ಬರೆದಿದ್ದೀಯ. ಕಾರಣ ನಿನ್ನ ಕೈಯಲ್ಲೇ ಇತ್ತು, ನೀನು ಆಕಾಶ ನೋಡಿದೆ.

ನಮ್ಮ ಪ್ರವಾಸ ಕಥನಗಳ ಹಳೇ ರೋಗ ಇದು. ಕಾರಣ ಗೊತ್ತಾಗದ ಕಡೆ ತತ್ವಜ್ಞಾನ ಮೆತ್ತುವುದು. ಕಿಲೋಮೀಟರು, ಕಿಲೋ, ಗಂಟೆ ಕಂಡರೆ ಹೊಡೆದುಹಾಕಿ ‘ಮನಮೋಹಕ’ವನ್ನು ಮಾತ್ರ ಜೋಪಾನವಾಗಿ ಉಳಿಸುವ ಸಂಪಾದಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಹಳೇ ಪುಸ್ತಕಗಳಲ್ಲೂ ಅಂಥ ‘ಮನಮೋಹಕ’ಗಳಿವೆ, ಅಚ್ಚಾದದ್ದನ್ನು ಅಳಿಸಲಾಗದು. ನಿನ್ನದು ಇನ್ನೂ ಅಚ್ಚಾಗಿಲ್ಲ.

ಹಿಂದಿರುಗುವಾಗ ‘ಸರೋವರ ಮುನಿಸಿಕೊಂಡಿತು’ ಅಂದಿದ್ದೀಯ. ನೀವು ಹೋದ ಸರೋವರ, ಕೆನೂ ಲೇಕ್, ಉತ್ತರ-ದಕ್ಷಿಣ ಉದ್ದಕ್ಕೆ ಚಾಚಿದೆ, ದೋಣಿ ಬಾಡಿಗೆಗೆ ಕೊಡುವ ದಡ ದಕ್ಷಿಣದ ತುದಿಯಲ್ಲಿದೆ. ಬೆಳಿಗ್ಗೆ ನೀರು ಕನ್ನಡಿ. ಮಧ್ಯಾಹ್ನ ನೈಋತ್ಯದಿಂದ ಗಾಳಿ ಎದ್ದರೆ, ಅದು ವಾಪಸು ಬರುವವರ ಮುಖಕ್ಕೇ. ಭಾರವಾದವರು ಹಿಂದೆ, ಹಗುರವಾದ ನೀನು ಮುಂದೆ, ಊಟದ ಚೀಲ ಅವರ ಬೆನ್ನ ಹಿಂದೆ. ಮೂತಿ ಮೇಲೆದ್ದು ಗಾಳಿಗೆ ಹಾಯಿಯಾಯಿತು, ಅದಕ್ಕೇ ದೋಣಿ ಗಿರಕಿ ಹೊಡೆಯಿತು. ಚೀಲವನ್ನೂ ನೀರಿನ ಕ್ಯಾನನ್ನೂ ನಿನ್ನ ಕಾಲ ಬಳಿ ಇಟ್ಟು, ಇಬ್ಬರೂ ಮಂಡಿಯೂರಿ, ಗಾಳಿ ಮರೆಯಾಗುವ ದಡ ಹಿಡಿದು, ಚಿಕ್ಕ ಚಿಕ್ಕ ಎಳೆತ ಹಾಕಿದ್ದರೆ ಮುನಿಸು ಅರ್ಧ ಇಳಿಯುತ್ತಿತ್ತು. ಹಾಗೆ ಮಾಡಲಿಲ್ಲ ಅಂತಲೇ ಬರೆ, ನಾಚಿಕೆ ಏನಿದೆ?

ಹತ್ತುವಾಗ ‘ಎದೆ ಝಲ್ಲೆಂದಿತು’ ಅನ್ನುವ ಕಡೆಯೂ ಅದೇ ಕಥೆ. ಒಂದು ತುದಿ ದಡದ ಮೇಲೆ, ಇನ್ನೊಂದು ನೀರಿನಲ್ಲಿ ಇದ್ದಾಗ ಕಾಲಿಟ್ಟಿರಬೇಕು. ಹೊಟ್ಟೆಗೆ ನೀರಿನ ಆಧಾರ ಇಲ್ಲದ ದೋಣಿ ಮಗುಚಲು ತುದಿಗಾಲಲ್ಲಿ ನಿಂತಿರುತ್ತದೆ. ಪೂರ್ತಿ ತೇಲಬೇಕು, ಎರಡೂ ಬದಿಯ ಅಂಚು ಹಿಡಿದು ನಟ್ಟನಡುವೆ ಕಾಲಿಡಬೇಕು.

ಇನ್ನೊಂದು. ಕೆನೂವನ್ನು ಎರಡು ಕಡೆ ‘ಹರಿಗೋಲು’ ಅಂದಿದ್ದೀಯ. ಹಂಪಿಯಲ್ಲಿ ಹರಿಗೋಲು ಹತ್ತಿದವರು ಓದಿದರೆ ನಗುತ್ತಾರೆ. ಅದು ದುಂಡಗಿನ ಬಿದಿರ ಬುಟ್ಟಿ, ಮೂತಿಯೇ ಇಲ್ಲ, ಸುತ್ತುವುದೇ ಅದರ ಗುಣ. ಇದು ಹದಿನಾರಡಿ ಉದ್ದ, ಮೂರಡಿ ಅಗಲ, ಎರಡೂ ತುದಿ ಚೂಪು. ಹೋಲಿಕೆ ಬೇಕೇ ಬೇಕೆಂದರೆ ಕರಾವಳಿಯ ಪಾತಿ ದೋಣಿ ಹತ್ತಿರದ ನೆಂಟ. ಇಲ್ಲವಾದರೆ ಕೆನೂ ಅಂತಲೇ ಬರೆ, ಕನ್ನಡಕ್ಕೆ ಏನೂ ಆಗುವುದಿಲ್ಲ.

ಪಕ್ಕದ ಸರೋವರ ಜೋ ಲೇಕಿಗೆ ‘ಸ್ವಲ್ಪ ದೂರ ದೋಣಿ ಎಳೆದೆವು’ ಅಂತಿದೆ. ಎರಡು ಸರೋವರಗಳ ನಡುವಿನ ಆ ನೆಲದ ಹಾದಿ 295 ಮೀಟರ್, ನಕ್ಷೆಯಲ್ಲೇ ಬರೆದಿರುತ್ತದೆ. ಎಳೆದಿರೋ, ಹೆಗಲ ಮೇಲೆ ಬೋರಲು ಹೊತ್ತಿರೋ? ಕೆವ್ಲಾರ್ ಎಂಬ ಹಗುರ ನಾರಿನ ದೋಣಿಯಾದರೆ ಇಪ್ಪತ್ತು ಕಿಲೋ ಆಸುಪಾಸು, ಒಬ್ಬರೇ ಹೊರಬಹುದು. ಕಲ್ಲಿನ ಮೇಲೆ ಎಳೆದರೆ ತಳ ಹರಿಯುತ್ತದೆ. ನಿಜವಾಗಿ ಎಳೆದಿದ್ದರೆ ಬಾಡಿಗೆಯವರು ಏನೆಂದರು ಅನ್ನುವುದು ನಿನ್ನ ಸೂರ್ಯಾಸ್ತಕ್ಕಿಂತ ಒಳ್ಳೆಯ ಪ್ಯಾರಾ.

ಉಳಿದದ್ದು ಬೇಗ. ‘ಮನುಷ್ಯ ಮುಟ್ಟದ ಕಾಡು’ ಹೊಡೆದುಹಾಕು. ಆಲ್ಗಾಂಕ್ವಿನ್ ಪಾರ್ಕ್ ಆದದ್ದು 1893ರಲ್ಲಿ. ಅದಕ್ಕೂ ಮೊದಲೇ ಅಲ್ಲಿನ ದೊಡ್ಡ ಪೈನ್ ಮರಗಳನ್ನು ಕಡಿದು ಹೊಳೆಯಲ್ಲಿ ತೇಲಿಬಿಡುತ್ತಿದ್ದರು, ಆಮೇಲೆ ನೀನು ಹುಟ್ಟು ಹಾಕಿದ ಸರೋವರದ ದಡದಲ್ಲೇ ಮೋವಟ್ ಎಂಬ ಮರಕೊಯ್ಯುವ ಊರಿತ್ತು, ಪಕ್ಕದಲ್ಲಿ ರೈಲೂ ಓಡುತ್ತಿತ್ತು. ನೀರು ಚಹಾ ಬಣ್ಣಕ್ಕಿರುವುದು ರಹಸ್ಯವಲ್ಲ, ಜೌಗಿನ ಎಲೆ-ತೊಗಟೆಯಿಂದ ಇಳಿದ ಟ್ಯಾನಿನ್, ನಮ್ಮ ಡಿಕಾಕ್ಷನ್ನಿನ ಹಾಗೆ. ಚಿತ್ರಕಾರ ಟಾಮ್ ಥಾಮ್ಸನ್ 1917ರ ಜುಲೈ 8ರಂದು ಅಲ್ಲಿ ಕಾಣೆಯಾದ, ಎಂಟು ದಿನದ ಮೇಲೆ ಹೆಣ ಸಿಕ್ಕಿತು. ಕೊಲೆಯೋ ಅಲ್ಲವೋ ಎಂಬ ನಿನ್ನ ಮೂರು ಪ್ಯಾರಾ ಕೇಳಿದ ಮಾತು, ಬೇಡ. ಅವನ ಸ್ಮಾರಕದ ಕಲ್ಲುಗುಪ್ಪೆಯ ಬಳಿ ನೀನೇ ಇಳಿದಿದ್ದರೆ ಅದನ್ನು ಬರೆ. ಪಾರ್ಕಿನೊಳಗೆ ಹಾಯುವ ಹೆದ್ದಾರಿ 60ರಲ್ಲಿ ಪಡುವಣ ಗೇಟಿನಿಂದ ಕಿಲೋಮೀಟರ್ ಕಲ್ಲುಗಳಿವೆ. ಕೆನೂ ಲೇಕ್ 14, ಲುಕ್‌ಔಟ್ ಟ್ರೇಲ್ 39 ದಾಟಿ, ವಿಸಿಟರ್ ಸೆಂಟರ್ 43. ಅಂಕಿ ಹಾಕಿದರೆ ಓದುವವರು ನಿಮ್ಮ ಕಾರಿನಲ್ಲೇ ಕೂತಿರುತ್ತಾರೆ.

ರಸ್ತೆ ಬದಿಯ ಮೂಸ್, ಅಂದರೆ ಆ ದೊಡ್ಡ ಜಾತಿಯ ಜಿಂಕೆ, ‘ದೇವರು ಕಳಿಸಿದ ಉಡುಗೊರೆ’ಯಂತೆ. ಕಳಿಸಿದ್ದು ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕರಗಿ ಚರಂಡಿಯಲ್ಲಿ ನಿಲ್ಲುತ್ತದೆ. ಆರು ತಿಂಗಳು ಒಣ ಕಡ್ಡಿ ತಿಂದು ಉಪ್ಪಿಗೆ ಹಪಹಪಿಸುವ ಪ್ರಾಣಿ ಮೇ-ಜೂನಿನಲ್ಲಿ ಆ ನೀರು ಕುಡಿಯಲು ಬರುತ್ತದೆ. ಜುಲೈ ಹೊತ್ತಿಗೆ ನೀರಗಿಡಗಳಲ್ಲಿ ಉಪ್ಪು ಸಿಗುತ್ತದೆ, ರಸ್ತೆಗೆ ಬರುವುದು ಕಡಿಮೆ. ಈಗ ಹೇಳು, ಆ ಚರಂಡಿ ನಿನ್ನ ದೇವರಿಗಿಂತ ಚೆನ್ನಾಗಿಲ್ಲವೇ?

ಸಿಟ್ಟಾಗಬೇಡ. ‘ಎಡಕ್ಕೇ ಎಳೆಯುತ್ತಿತ್ತು’ ಅನ್ನುವುದನ್ನು ಬಹಳ ಜನ ಗಮನಿಸುವುದೇ ಇಲ್ಲ, ನೀನು ಗಮನಿಸಿದೆ. ನಾಲ್ಕನೇ ಪುಟದಿಂದ ಮತ್ತೆ ಬರೆದು ಕಳಿಸು, ನಿನ್ನ ಯಜಮಾನರನ್ನೂ ಕೂರಿಸಿಕೊಂಡು ಯಾರ ಹುಟ್ಟು ಯಾವಾಗ ಯಾವ ಕಡೆ ಇತ್ತು ಅಂತ ಕೇಳು. ಜಗಳವಾದರೆ ಅದೂ ಬರಲಿ.

ಹಾಂ, ಜೂನ್ ಮೊದಲ ವಾರ ಅಂತೀಯ, ಹನ್ನೊಂದು ಪುಟದಲ್ಲಿ ಕರಿನೊಣದ ಸುದ್ದಿಯೇ ಇಲ್ಲ. ಆ ದಿನಗಳಲ್ಲಿ ಅದು ಕೂದಲಂಚಿನಲ್ಲಿ, ಕಿವಿಯ ಹಿಂದೆ ತೂರಿ ರಕ್ತ ಬರುವಂತೆ ಕಚ್ಚುತ್ತದೆ. ನಿನ್ನನ್ನು ಬಿಟ್ಟಿತೇ, ಇಲ್ಲ ನೀನು ಅದನ್ನು ಬಿಟ್ಟೆಯೋ?

ನಿನ್ನ ಅಕ್ಕ